ನೆಟ್‌ವರ್ಕ್ ಪೋರ್ಟ್‌ನ ಕಂಡಕ್ಟೆಡ್ ಎಮಿಷನ್ ಅಳೆಯುವುದು ಹೇಗೆ: ಜೋಡಣೆಯಿಂದ ಅಂತಿಮ ಲೆಕ್ಕದವರೆಗೆ

ಉಪಕರಣದ ನಾಯ್ಸ್ ಕೇಬಲ್ ಹಿಡಿದು ಹೊರಬರುವುದೇ ಕಂಡಕ್ಟೆಡ್ ಎಮಿಷನ್. ಮೇನ್ಸ್ ಕೇಬಲ್ ಮೇಲಿನ ಎಮಿಷನ್ ಟೆಸ್ಟ್ ಬಹಳ ಜನರಿಗೆ ಗೊತ್ತು. ಲಿಸ್ನ್ (ಮೇನ್ಸ್ ಕೇಬಲ್‌ನ ನಾಯ್ಸ್ ಅನ್ನು ಅಳತೆಗೆ ಕೊಡುವ ಪೆಟ್ಟಿಗೆ) ಇಟ್ಟು, ನಾಯ್ಸ್ ಅಳೆಯುವ ರಿಸೀವರ್ ಸಿಕ್ಕಿಸಿ, ಆವರ್ತನಗಳ ಉದ್ದಕ್ಕೂ ಸ್ವೀಪ್ ಓಡಿಸಿದರೆ ಮುಗಿಯಿತು. ಅದೇ ಜನ ಈಥರ್ನೆಟ್ ಪೋರ್ಟ್ ಹತ್ತಿರ ಬಂದಾಗ ತಡವರಿಸುತ್ತಾರೆ. ಯಾಕೆ ಅಂದರೆ ಇಲ್ಲಿ ಕೇಬಲ್ ಸುಮ್ನೆ ಇರುವಂತಿಲ್ಲ, ಅದರಲ್ಲಿ ಡೇಟಾ ಓಡುತ್ತಿರಬೇಕು. ಡೇಟಾ ಓಡಬೇಕು ಅಂದರೆ ಆಚೆ ತುದಿಯಲ್ಲಿ ಇನ್ನೊಂದು ಉಪಕರಣ ಬೇಕು. ಆ ಉಪಕರಣದ ನಾಯ್ಸ್ ಕೂಡ ಅದೇ ಕೇಬಲ್ ಹಿಡಿದು ಬರುತ್ತದೆ. ಸ್ಕ್ರೀನ್ ಮೇಲೆ ಕಾಣುವ ಪೀಕ್ ನಿಮ್ಮದೋ ಪಕ್ಕದವನದೋ ಅಂತ ಮೊದಲು ಬಿಡಿಸಿಕೊಳ್ಳಬೇಕು.

ನನ್ನ ಪ್ರಕಾರ ಈ ಟೆಸ್ಟ್‌ನ ಮುಕ್ಕಾಲು ಭಾಗ ರಿಸೀವರ್ ಆನ್ ಮಾಡುವ ಮೊದಲೇ ನಿರ್ಧಾರ ಆಗಿರುತ್ತದೆ. ಕೇಬಲ್ ಮಧ್ಯೆ ಯಾವ ಅಳತೆ ನೆಟ್‌ವರ್ಕ್ ಇಟ್ಟಿರಿ, ಅದನ್ನು ಗ್ರೌಂಡ್‌ಗೆ ಹೇಗೆ ಕೂರಿಸಿದಿರಿ, ಆಚೆ ತುದಿಯನ್ನು ಎಷ್ಟು ಶಾಂತವಾಗಿ ಇಟ್ಟಿರಿ, ಇಷ್ಟರಲ್ಲೇ ಅಂಕಿ 10 ಡಿಬಿ ಅತ್ತಿತ್ತ ಹೋಗಬಹುದು. ಹಾಗಾಗಿ ಈ ಬರಹದಲ್ಲೂ ಆ ಭಾಗಕ್ಕೇ ಜಾಸ್ತಿ ಜಾಗ.

ಏನನ್ನು ಅಳೆಯುತ್ತಿದ್ದೇವೆ

ಈಥರ್ನೆಟ್‌ನ ಒಂದು ಜೋಡಿಯ ಎರಡು ತಂತಿಗಳಲ್ಲಿ ಸಿಗ್ನಲ್ ಒಂದಕ್ಕೊಂದು ಎದುರಾಗಿ ಓಡುತ್ತದೆ. ಅದು ಡಿಫರೆನ್ಷಿಯಲ್ ಸಿಗ್ನಲ್. ತಂತಿಗಳು ಸುತ್ತಿಕೊಂಡಿರುವುದರಿಂದ ಹೊರಗೆ ಅದರ ಪ್ರಭಾವ ಹೆಚ್ಚು ಕಾಣುವುದಿಲ್ಲ. ತೊಂದರೆ ಕೊಡುವುದು ಎಂಟೂ ತಂತಿಗಳಲ್ಲಿ ಒಟ್ಟಾಗಿ, ಒಂದೇ ದಿಕ್ಕಿನಲ್ಲಿ ಓಡಿ ಗ್ರೌಂಡ್ ಮೂಲಕ ವಾಪಸ್ ಬರುವ ಕರೆಂಟ್. ಇದೇ ಕಾಮನ್ ಮೋಡ್. ಸ್ಟ್ಯಾಂಡರ್ಡ್‌ನಲ್ಲಿ ಅಸಿಮೆಟ್ರಿಕ್ ಅಂತ ಇರುತ್ತದೆ. ಉದ್ದದ ಕೇಬಲ್ ಆಂಟೆನಾ ಆಗುವುದು ಇದರಿಂದಲೇ.

ಈ ಕಾಮನ್ ಮೋಡ್ ಎರಡು ಕಡೆಯಿಂದ ಬರುತ್ತದೆ. ಒಂದು, ಬೋರ್ಡ್ ಮೇಲಿನ ಡಿಸಿ-ಡಿಸಿ ಕನ್ವರ್ಟರ್, ಕ್ಲಾಕ್ ಇಂಥವುಗಳ ನಾಯ್ಸ್ ಮ್ಯಾಗ್ನೆಟಿಕ್ಸ್ (ಪೋರ್ಟ್ ಹಿಂದಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು) ಒಳಗಿನ ಸಣ್ಣ ಕೆಪಾಸಿಟೆನ್ಸ್ ದಾಟಿ ನೇರವಾಗಿ ಕೇಬಲ್‌ಗೆ ಹಾರುವುದು. ಇನ್ನೊಂದು, ಡೇಟಾ ಸಿಗ್ನಲ್ಲೇ ತಂತಿಗಳ ನಡುವಿನ ಅಸಮತೋಲನದಿಂದ ಸ್ವಲ್ಪ ಪಾಲು ಕಾಮನ್ ಮೋಡ್ ಆಗಿ ಬದಲಾಗುವುದು. ಇವೆರಡನ್ನೂ ತಲೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಎಎಎನ್ ಅನ್ನುವ ಅಳತೆ ನೆಟ್‌ವರ್ಕ್ ಆರಿಸುವಾಗಲೂ ಬೇಕು, ಫೇಲ್ ಆದಾಗ ಮೂಲ ಹುಡುಕಲೂ ಬೇಕು.

ಯಾವ ಪೋರ್ಟ್, ಎಷ್ಟು ಲಿಮಿಟ್

ಈ ಥರದ ಪೋರ್ಟ್‌ಗೆ ಲಿಮಿಟ್ ಬಂದದ್ದು ಸಿಸ್ಪರ್ 22 ಅನ್ನುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ನ 1997ರ ಮೂರನೇ ಆವೃತ್ತಿಯಲ್ಲಿ. ಆಗ ಇದನ್ನು ಟೆಲಿಕಾಂ ಪೋರ್ಟ್ ಅನ್ನುತ್ತಿದ್ದರು. 2012ರಲ್ಲಿ ಸಿಸ್ಪರ್ 32 ಬಂತು, 2015ರಲ್ಲಿ ಅದರ ಎರಡನೇ ಆವೃತ್ತಿ, 2019ರಲ್ಲಿ ಅದಕ್ಕೊಂದು ತಿದ್ದುಪಡಿ. ಯುರೋಪಿನಲ್ಲಿ ಇದೇ ಇಎನ್ 55032. ಅಮೆರಿಕದ ಎಫ್‌ಸಿಸಿ ಪಾರ್ಟ್ 15 ಮೇನ್ಸ್ ಪೋರ್ಟ್ ಮಾತ್ರ ಕೇಳುತ್ತದೆ, ನೆಟ್‌ವರ್ಕ್ ಪೋರ್ಟ್‌ಗೆ ಅಲ್ಲಿ ಕಂಡಕ್ಟೆಡ್ ಲಿಮಿಟ್ ಇಲ್ಲ. ಅಮೆರಿಕಕ್ಕೆ ಮಾತ್ರ ಮಾರುತ್ತಿದ್ದ ಸಾಮಾನು ಮೊದಲ ಸಲ ಯುರೋಪಿಗೆ ಹೊರಟಾಗ ಇಲ್ಲಿ ಬಂದು ಎಡವುವುದಕ್ಕೆ ಇದೇ ಕಾರಣ.

ಈಥರ್ನೆಟ್, ಡಿಎಸ್‌ಎಲ್, ಟೆಲಿಫೋನ್ ಲೈನ್ ಇವೆಲ್ಲ ವೈರ್ಡ್ ನೆಟ್‌ವರ್ಕ್ ಪೋರ್ಟ್‌ಗಳೇ. ಆಪ್ಟಿಕಲ್ ಫೈಬರ್ ಕೇಬಲ್‌ಗೆ ಲೋಹದ ಶೀಲ್ಡ್ ಅಥವಾ ಬಲಕ್ಕಾಗಿ ಹಾಕಿದ ಲೋಹದ ಎಳೆ ಇದ್ದರೆ ಅದೂ ಬರುತ್ತದೆ. ಮೂರು ಮೀಟರ್‌ಗಿಂತ ಉದ್ದದ ಕೇಬಲ್ ಹಾಕಲು ಮಾಡಿದ ಪೋರ್ಟ್ ಆಗಿರಬೇಕು. ಯುಎಸ್‌ಬಿ ಇದರಲ್ಲಿಲ್ಲ.

ಅಳೆಯುವ ವ್ಯಾಪ್ತಿ 0.15ರಿಂದ 30 ಮೆಗಾಹರ್ಟ್ಸ್. ರಿಸೀವರ್ ನಾಯ್ಸ್ ತೂಗುವ ರೀತಿ ಎರಡು: ಕ್ವಾಸಿ ಪೀಕ್ ನಾಯ್ಸ್ ಎಷ್ಟು ಸಲ ಮರುಕಳಿಸುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆವರೇಜ್ ಅಂದರೆ ಸರಾಸರಿ. ವೋಲ್ಟೇಜ್ ಲಿಮಿಟ್ ಹೀಗಿದೆ, ಎಲ್ಲವೂ ಡಿಬಿ ಮೈಕ್ರೋವೋಲ್ಟ್‌ನಲ್ಲಿ, ಅಂದರೆ 1 ಮೈಕ್ರೋವೋಲ್ಟ್‌ಗೆ ಹೋಲಿಸಿದ ಡಿಬಿ:

- ಕ್ಲಾಸ್ ಬಿ: 0.15ರಿಂದ 0.5 ಮೆಗಾಹರ್ಟ್ಸ್‌ವರೆಗೆ ಕ್ವಾಸಿ ಪೀಕ್ 84ರಿಂದ 74ಕ್ಕೆ, ಆವರೇಜ್ 74ರಿಂದ 64ಕ್ಕೆ ಇಳಿಯುತ್ತದೆ. ಅಲ್ಲಿಂದ 30ರವರೆಗೆ 74 ಮತ್ತು 64.
- ಕ್ಲಾಸ್ ಎ: ಅದೇ ಮೊದಲ ಭಾಗದಲ್ಲಿ ಕ್ವಾಸಿ ಪೀಕ್ 97ರಿಂದ 87, ಆವರೇಜ್ 84ರಿಂದ 74. ಆಮೇಲೆ 87 ಮತ್ತು 74.

ಮನೆಯಲ್ಲಿ ಬಳಸುವ ಸಾಮಾನು ಅಂದರೆ ಕ್ಲಾಸ್ ಬಿ, ಉಳಿದದ್ದು ಕ್ಲಾಸ್ ಎ. ಇಳಿಜಾರಿನ ಭಾಗ ಆವರ್ತನದ ಲಾಗ್ ಜೊತೆ ಇಳಿಯುತ್ತದೆ, ಆವರ್ತನದ ಜೊತೆ ನೇರವಾಗಿ ಅಲ್ಲ. 0.2 ಮೆಗಾಹರ್ಟ್ಸ್‌ನಲ್ಲಿ ಕ್ಲಾಸ್ ಬಿ ಕ್ವಾಸಿ ಪೀಕ್ ಲಿಮಿಟ್ 81.6. ಎಕ್ಸೆಲ್‌ನಲ್ಲಿ ಸುಮ್ನೆ ನೇರ ಗೆರೆ ಎಳೆದವರಿಗೆ 82.6 ಬರುತ್ತದೆ, ಒಂದು ಡಿಬಿ ಉಚಿತವಾಗಿ ಸಿಕ್ಕ ಹಾಗೆ.

ಕರೆಂಟ್‌ನಲ್ಲಿ ಅಳೆದರೆ ಈ ಎಲ್ಲ ಅಂಕಿಗಳಿಂದ 44 ಕಳೆಯಿರಿ, ಡಿಬಿ ಮೈಕ್ರೋಆಂಪ್ ಲಿಮಿಟ್ ಸಿಗುತ್ತದೆ. ಅಂದರೆ ಕ್ಲಾಸ್ ಬಿ ಸಮತಟ್ಟಾದ ಭಾಗದಲ್ಲಿ 30 ಮತ್ತು 20. ಈ 44 ಬಂದದ್ದು 150 ಓಮ್‌ನಿಂದ: 150ರ ಲಾಗ್‌ಗೆ 20ರಿಂದ ಗುಣಿಸಿದರೆ 43.5, ಅದನ್ನು 44ಕ್ಕೆ ಏರಿಸಿದ್ದಾರೆ.

ವಿಧಾನ ಆರಿಸಿ

ಮೂರು ದಾರಿಗಳಿವೆ. ಶೀಲ್ಡ್ ಇಲ್ಲದ, ನಾಲ್ಕು ಜೋಡಿಯವರೆಗಿನ ಕೇಬಲ್ ಆದರೆ ಎಎಎನ್, ಅಂದರೆ ಅಸಿಮೆಟ್ರಿಕ್ ಆರ್ಟಿಫಿಷಿಯಲ್ ನೆಟ್‌ವರ್ಕ್. ಹಳಬರು ಇದನ್ನೇ ಐಎಸ್‌ಎನ್ ಅನ್ನುತ್ತಾರೆ, ಲ್ಯಾಬ್‌ಗಳಲ್ಲಿ ಈಗಲೂ ಆ ಹೆಸರೇ ಓಡಾಡುತ್ತದೆ. ಶೀಲ್ಡ್ ಕೇಬಲ್ ಆದರೆ ಶೀಲ್ಡ್‌ಗೆಂದೇ ಮಾಡಿದ ಎಎಎನ್, ಇಲ್ಲವೇ 150 ಓಮ್ ರೆಸಿಸ್ಟರ್ ಜೊತೆ ಕರೆಂಟ್ ಪ್ರೋಬ್. ಯಾವ ಎಎಎನ್ ಕೂಡ ಹೊಂದದ ಕೇಬಲ್ ಆದರೆ ಕರೆಂಟ್ ಪ್ರೋಬ್ ಮತ್ತು ಕೆಪಾಸಿಟಿವ್ ವೋಲ್ಟೇಜ್ ಪ್ರೋಬ್ ಎರಡೂ.

ಮಾಮೂಲಿ ಆರ್‌ಜೆ45 ಪೋರ್ಟ್‌ಗೆ ಎಎಎನ್ ಬಿಟ್ಟು ಬೇರೆ ಕಡೆ ನೋಡಬೇಡಿ. ನಿಮ್ಮ ಯೂಸರ್ ಮ್ಯಾನುಯಲ್‌ನಲ್ಲಿ ಶೀಲ್ಡ್ ಕೇಬಲ್ಲೇ ಹಾಕಬೇಕು ಅಂತ ಬರೆದಿಲ್ಲವಾದರೆ ಟೆಸ್ಟ್‌ಗೂ ಶೀಲ್ಡ್ ಇಲ್ಲದ ಕೇಬಲ್ಲೇ. ಗ್ರಾಹಕರು ಹಾಕುವುದು ಅದನ್ನೇ ಅಲ್ವಾ.

ಎಎಎನ್: ಇಲ್ಲಿ ಅವಸರ ಬೇಡ

ಎಎಎನ್ ಮಾಡುವ ಕೆಲಸ ಮೂರು. ಕಾಮನ್ ಮೋಡ್‌ಗೆ 150 ಓಮ್ ತೋರಿಸುತ್ತದೆ, 20 ಓಮ್ ಹೆಚ್ಚು ಕಡಿಮೆ ಆಗಬಹುದು, ಫೇಸ್ ಸೊನ್ನೆಯಿಂದ 20 ಡಿಗ್ರಿ ಒಳಗಿರಬೇಕು. ಆಚೆ ತುದಿಯ ಉಪಕರಣದ ಕಾಮನ್ ಮೋಡ್ ನಾಯ್ಸ್ ಈ ಕಡೆ ಬಾರದಂತೆ ತಡೆಯುತ್ತದೆ: 0.15 ಮೆಗಾಹರ್ಟ್ಸ್‌ನಲ್ಲಿ ಕನಿಷ್ಠ 35 ಡಿಬಿ, 1.5 ಮೆಗಾಹರ್ಟ್ಸ್ ಹೊತ್ತಿಗೆ 55 ಡಿಬಿ, ಅಲ್ಲಿಂದ ಮೇಲೆ 55. ಮೂರನೆಯದು ಕೇಬಲ್‌ನ ಅಸಮತೋಲನವನ್ನು ಬೇಕಂತಲೇ ಅನುಕರಿಸುವುದು.

ಜನ ಮರೆಯುವುದು ಈ ಮೂರನೆಯದನ್ನು. ಇದರ ಅಳತೆಗೆ ಲಾಂಗಿಟ್ಯೂಡಿನಲ್ ಕನ್ವರ್ಷನ್ ಲಾಸ್, ಚಿಕ್ಕದಾಗಿ ಎಲ್‌ಸಿಎಲ್ ಅನ್ನುತ್ತಾರೆ. ಇದು ಕೇಬಲ್‌ನ ದರ್ಜೆ, ಅಂದರೆ ಕ್ಯಾಟ್ ಮೇಲೆ ನಿಂತಿದೆ: ಕಡಿಮೆ ಆವರ್ತನದಲ್ಲಿ ಕ್ಯಾಟ್ 3ಕ್ಕೆ 55 ಡಿಬಿ, ಕ್ಯಾಟ್ 5ಕ್ಕೆ 65, ಕ್ಯಾಟ್ 6ಕ್ಕೆ 75. ಆವರ್ತನ ಏರಿದಂತೆ ಇದು ಕುಸಿಯುತ್ತದೆ: ಕ್ಯಾಟ್ 5ರದು 5 ಮೆಗಾಹರ್ಟ್ಸ್‌ನಲ್ಲಿ 62, 30ಕ್ಕೆ ಬಂದಾಗ ಸುಮಾರು 49. ಅಂಕಿ ಚಿಕ್ಕದಾದಷ್ಟೂ ಡೇಟಾ ಸಿಗ್ನಲ್‌ನ ಹೆಚ್ಚು ಪಾಲು ಕಾಮನ್ ಮೋಡ್ ಆಗುತ್ತದೆ. ಹಾಗಾಗಿ ಅದೇ ಉಪಕರಣವನ್ನು ಕ್ಯಾಟ್ 6 ಎಎಎನ್‌ನಲ್ಲಿ ಅಳೆದರೆ ಆರಾಮಾಗಿ ಪಾಸ್, ಕ್ಯಾಟ್ 3ರಲ್ಲಿ ಅಳೆದರೆ ಡೇಟಾ ಮೂಲದ ಎಮಿಷನ್ 20 ಡಿಬಿವರೆಗೆ ಮೇಲೆ. ಬೋರ್ಡ್‌ನಿಂದ ನೇರ ಬರುವ ನಾಯ್ಸ್ ಮಾತ್ರ ಎರಡರಲ್ಲೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಹಾಗಾದರೆ ಯಾವುದನ್ನು ಹಾಕಬೇಕು? ನಿಮ್ಮ ಮ್ಯಾನುಯಲ್ ಯಾವ ಕೇಬಲ್ ಹೇಳುತ್ತದೋ ಅದಕ್ಕೆ ತಕ್ಕದ್ದು. ಕ್ಯಾಟ್ 5 ಅಥವಾ ಅದಕ್ಕಿಂತ ಮೇಲಿನದು ಬಳಸಿ ಅಂತ ಬರೆದಿದ್ದರೆ ಕ್ಯಾಟ್ 5 ಎಎಎನ್. ಪಾಸ್ ಆಗಲಿ ಅಂತ ಕ್ಯಾಟ್ 6 ಹಾಕಿ, ಮ್ಯಾನುಯಲ್‌ನಲ್ಲಿ ಕ್ಯಾಟ್ 5 ಅಂತಲೇ ಬಿಟ್ಟರೆ ಆ ವರದಿಗೆ ಬೆಲೆ ಇಲ್ಲ. ಲ್ಯಾಬ್‌ಗೆ ಹೋಗುವ ಮೊದಲೇ ಮ್ಯಾನುಯಲ್ ಬರೆಯುವವರ ಹತ್ತಿರ ಒಂದು ಮಾತು ಆಡಿ. ಎಷ್ಟೋ ಸಲ ಆ ಒಂದು ಸಾಲು ಯಾರೂ ಯೋಚಿಸದೆ ಹಳೆಯ ಮ್ಯಾನುಯಲ್‌ನಿಂದ ಕಾಪಿ ಆಗಿರುತ್ತದೆ.

ಇನ್ನೆರಡು ವಿಷಯ. ಎಎಎನ್‌ಗಳು ಎರಡು ತಂತಿ, ನಾಲ್ಕು ತಂತಿ, ಎಂಟು ತಂತಿಗೆ ಬೇರೆ ಬೇರೆ ಬರುತ್ತವೆ. ಇವುಗಳಲ್ಲಿ ಕೆಲವು ವಿನ್ಯಾಸಗಳು ಎಲ್ಲ ಜೋಡಿಗಳೂ ಬಳಕೆಯಲ್ಲಿ ಇದ್ದಾಗ ಮಾತ್ರ ಸರಿ ಅಂಕಿ ಕೊಡುತ್ತವೆ. 100 ಮೆಗಾಬಿಟ್ ಲಿಂಕ್ ನಾಲ್ಕರಲ್ಲಿ ಎರಡೇ ಜೋಡಿ ಬಳಸುತ್ತದೆ, ಆದ್ದರಿಂದ ಎಎಎನ್‌ನ ಪುಸ್ತಕದಲ್ಲಿ ಈ ಬಗ್ಗೆ ಏನಿದೆ ಅಂತ ಮೊದಲೇ ಓದಿಕೊಳ್ಳಿ. ಎರಡನೆಯದು, ಕೆಲವು ಹಳೆಯ ಎಎಎನ್‌ಗಳು ಗಿಗಾಬಿಟ್ ತಡೆಯುವುದಿಲ್ಲ. ಲಿಂಕ್ ಮುರಿಯುವುದೂ ಇಲ್ಲ, ಸದ್ದಿಲ್ಲದೆ 100ಕ್ಕೆ ಇಳಿದು ಕೂರುತ್ತದೆ. ದೀಪ ಮಿನುಗುತ್ತಿರುತ್ತದೆ, ಎಲ್ಲ ಸರಿ ಇದೆ ಅಂದುಕೊಳ್ಳುತ್ತೀರಿ, ಅಳೆದದ್ದು ಮಾತ್ರ ಬೇರೆ ಸ್ಪೀಡ್. ಲಿನಕ್ಸ್ ಇದ್ದರೆ ಎಥ್‌ಟೂಲ್ ಕಮಾಂಡ್ ಕೊಟ್ಟು ಸ್ಪೀಡ್ ನೋಡಿ, ಎಎಎನ್ ಮಧ್ಯೆ ಇಟ್ಟ ಮೇಲೆ ನೋಡಿ.

ಜೋಡಣೆ

ಮೇಜಿನ ಮೇಲಿಡುವ ಉಪಕರಣವಾದರೆ ಎರಡು ಥರ ಇಡಬಹುದು. 80 ಸೆಂಟಿಮೀಟರ್ ಎತ್ತರದ ಮರದ ಮೇಜು, ಹಿಂದೆ 40 ಸೆಂಟಿಮೀಟರ್ ದೂರದಲ್ಲಿ ಲೋಹದ ಗೋಡೆ. ಇಲ್ಲವೇ ಕನಿಷ್ಠ 2 ಮೀಟರ್‌ಗೆ 2 ಮೀಟರ್ ಇರುವ ನೆಲದ ಗ್ರೌಂಡ್ ಪ್ಲೇನ್ (ಗ್ರೌಂಡ್ ಆಗಿ ಬಳಸುವ ಲೋಹದ ಹಾಳೆ) ಮೇಲೆ 40 ಸೆಂಟಿಮೀಟರ್ ಎತ್ತರದಲ್ಲಿ. ಎರಡರಲ್ಲೂ ಉದ್ದೇಶ ಒಂದೇ: ರೆಫರೆನ್ಸ್ ಪ್ಲೇನ್‌ನಿಂದ 40 ಸೆಂಟಿಮೀಟರ್, ಉಳಿದ ಲೋಹದ ವಸ್ತುಗಳಿಂದ ಕನಿಷ್ಠ 80. ಇಯುಟಿ ಮತ್ತು ಎಎಎನ್ ನಡುವೆ 80 ಸೆಂಟಿಮೀಟರ್ ಅಂತರ. ಇಯುಟಿ ಅಂದರೆ ಟೆಸ್ಟ್‌ಗೆ ಇಟ್ಟ ಉಪಕರಣ, ಲ್ಯಾಬ್‌ನಲ್ಲಿ ಎಲ್ಲರೂ ಹಾಗೇ ಕರೆಯುವುದು.

ಎಎಎನ್ ಅನ್ನು ಗ್ರೌಂಡ್ ಪ್ಲೇನ್‌ಗೆ ಬೋಲ್ಟ್ ಹಾಕಿ ಕೂರಿಸಿ, ಇಲ್ಲವೇ ಅಗಲವಾದ, ಚಿಕ್ಕದಾದ ತಾಮ್ರದ ಪಟ್ಟಿಯಿಂದ ಬಿಗಿಯಿರಿ. ಹಸಿರು ವೈರ್ ಎಳೆದು ಬಿಟ್ಟರೆ ಸಾಲದು. ಅರ್ಧ ಮೀಟರ್ ವೈರ್‌ಗೆ ಸುಮಾರು ಅರ್ಧ ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ, 30 ಮೆಗಾಹರ್ಟ್ಸ್‌ನಲ್ಲಿ ಅದು 90 ಓಮ್‌ಗಿಂತ ಜಾಸ್ತಿ. 150 ಓಮ್ ನೆಟ್‌ವರ್ಕ್ ಕೆಳಗೆ ಇನ್ನೊಂದು 90 ಓಮ್ ಸೇರಿಸಿ ಅಳೆದ ಅಂಕಿಗೆ ಏನರ್ಥ? ಬಣ್ಣ ಬಳಿದ ಮೇಲ್ಮೈ ಮೇಲೆ ಕೂರಿಸುವುದೂ ಇದೇ ತಪ್ಪು. ಕೆರೆದು ಬರಿ ಲೋಹ ಕಾಣಿಸಬೇಕು.

ಕೇಬಲ್ ಉದ್ದ ಇದ್ದರೆ ಸುರುಳಿ ಸುತ್ತಬೇಡಿ. 30ರಿಂದ 40 ಸೆಂಟಿಮೀಟರ್ ಉದ್ದಕ್ಕೆ ಹಿಂದೆ ಮುಂದೆ ಮಡಚಿ ಕಟ್ಟಿ. ಇದಕ್ಕಿಂತ ಒಳ್ಳೆಯದು, ಸರಿಯಾದ ಉದ್ದದ ಪ್ಯಾಚ್ ಕೇಬಲ್ ತೆಗೆದುಕೊಳ್ಳುವುದು.

ಮೇನ್ಸ್ ಲಿಸ್ನ್ ಮೂಲಕ ಬರಲಿ, ಆ ಲಿಸ್ನ್‌ನ ಅಳತೆ ಪೋರ್ಟ್‌ಗೆ 50 ಓಮ್ ಟರ್ಮಿನೇಷನ್ ಹಾಕಿ. ಬೇರೆ ಪೋರ್ಟ್‌ಗಳಲ್ಲೂ ಎಎಎನ್ ಇದ್ದರೆ ಅವಕ್ಕೂ ಅಷ್ಟೇ. ಎಂಟು ಪೋರ್ಟ್‌ನ ಸ್ವಿಚ್ ಆದರೆ ಎಂಟಕ್ಕೂ ಎಎಎನ್ ಬೇಕಾಗಿಲ್ಲ. ಒಂದೊಂದೇ ಕೇಬಲ್ ಸೇರಿಸುತ್ತಾ ಹೋಗಿ, ಇನ್ನೊಂದು ಸೇರಿಸಿದರೂ ಎಮಿಷನ್ 2 ಡಿಬಿಗಿಂತ ಕಡಿಮೆ ಬದಲಾದರೆ ಅಲ್ಲಿಗೆ ನಿಲ್ಲಿಸಿ. ಅಂತಿಮ ಅಳತೆಗೆ ಅತಿ ಕೆಟ್ಟ ಪೋರ್ಟ್ ಯಾವುದು ಅಂತ ಪ್ರೀಸ್ಕ್ಯಾನ್‌ನಲ್ಲಿ, ಅಂದರೆ ಮೊದಲ ವೇಗದ ಸ್ವೀಪ್‌ನಲ್ಲಿ, ಗೊತ್ತಾಗುತ್ತದೆ. ಸಾಮಾನ್ಯವಾಗಿ ಪವರ್ ಸಪ್ಲೈ ಪಕ್ಕದಲ್ಲಿ ಕೂತ ಪೋರ್ಟೇ ಅದು.

ಆಚೆ ತುದಿ ಮತ್ತು ಟ್ರಾಫಿಕ್

ಎಎಎನ್‌ನ ಆ ಕಡೆ ಲ್ಯಾಪ್‌ಟಾಪ್ ಇಡುವುದಾದರೆ ಬ್ಯಾಟರಿಯಲ್ಲಿ ಓಡಿಸಿ, ಚಾರ್ಜರ್ ಕಿತ್ತುಬಿಡಿ. ಆ ಕಡೆಯ ಕೇಬಲ್‌ಗೆ ಫೆರೈಟ್ ಕ್ಲ್ಯಾಂಪ್‌ಗಳನ್ನು ಹಾಕಿ. ಜಾಗ ಇದ್ದರೆ ಮೀಡಿಯಾ ಕನ್ವರ್ಟರ್ ಇಟ್ಟು ಫೈಬರ್‌ನಲ್ಲಿ ಹೊರಗೆ ಹೋಗಿ, ಉಪಕರಣಗಳೆಲ್ಲ ಶೀಲ್ಡ್ ಕೋಣೆಯ ಹೊರಗೆ ಇರಲಿ. ಆದರೆ ಮೀಡಿಯಾ ಕನ್ವರ್ಟರ್‌ನ ಅಡಾಪ್ಟರ್ ಕೂಡ ನಾಯ್ಸ್ ಮಾಡುತ್ತದೆ, ಅದನ್ನು ಬ್ಯಾಟರಿಯಿಂದ ಓಡಿಸುವುದು ಉತ್ತಮ.

ಟ್ರಾಫಿಕ್ ಎಷ್ಟು ಬೇಕು? ಸಿಸ್ಪರ್ 22ರ ಕಾಲದಿಂದ ಬಂದ ನಿಯಮ: ಲಿಂಕ್‌ನ ಸಾಮರ್ಥ್ಯದ 10 ಶೇಕಡಕ್ಕಿಂತ ಹೆಚ್ಚು, ಅದು ಕನಿಷ್ಠ 250 ಮಿಲಿಸೆಕೆಂಡ್ ಒಂದೇ ಸಮ ಇರಬೇಕು. ಗಿಗಾಬಿಟ್‌ನಲ್ಲಿ 100 ಮೆಗಾಬಿಟ್‌ಗಿಂತ ಜಾಸ್ತಿ. ಬರಿ ಪಿಂಗ್ ಬಿಟ್ಟರೆ ಇದರ ಹತ್ತಿರಕ್ಕೂ ಹೋಗುವುದಿಲ್ಲ. ಟ್ರಾಫಿಕ್ ಓಡಿಸಲು ಐಪರ್ಫ್3 ಅನ್ನುವ ಪ್ರೋಗ್ರಾಂ ಸಾಕು. ಅದು ತಾನಾಗಿಯೇ ರ‍್ಯಾಂಡಮ್ ಡೇಟಾ ತುಂಬುತ್ತದೆ, ಅದು ಒಳ್ಳೆಯದೇ, ಯಾಕೆಂದರೆ ಟ್ರಾಫಿಕ್‌ನಲ್ಲಿ ಒಂದೇ ಥರ ಮರುಕಳಿಸುವ ಸಂದೇಶವೂ ಇರಬೇಕು, ರ‍್ಯಾಂಡಮ್ ಥರದ್ದೂ ಇರಬೇಕು. ಎರಡೂ ದಿಕ್ಕಿನಲ್ಲಿ ಓಡಿಸಿ, ನಿಮ್ಮ ಇಯುಟಿ ಕಳಿಸುವ ದಿಕ್ಕು ಮುಖ್ಯ.

ಟ್ರಾಫಿಕ್ ಇಲ್ಲದೆಯೂ ಒಮ್ಮೆ ನೋಡಿ. 100ಬೇಸ್-ಟಿಎಕ್ಸ್ ಮತ್ತು ಗಿಗಾಬಿಟ್‌ನಲ್ಲಿ ಡೇಟಾ ಇಲ್ಲದಾಗಲೂ ಲೈನ್ ಮೇಲೆ ಸ್ಕ್ರ್ಯಾಂಬಲ್ ಮಾಡಿದ ಸಿಗ್ನಲ್ ಓಡುತ್ತಲೇ ಇರುತ್ತದೆ, ಹಾಗಾಗಿ ವ್ಯತ್ಯಾಸ ಹೆಚ್ಚು ಕಾಣದಿರಬಹುದು. ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಆನ್ ಇದ್ದರೆ ಕಥೆ ಬೇರೆ: ಖಾಲಿ ಇದ್ದಾಗ ಲಿಂಕ್ ಮಲಗಿ ಆಗಾಗ ಎದ್ದು ಮಲಗುತ್ತದೆ. 10ಬೇಸ್-ಟಿಯಲ್ಲಿ ಖಾಲಿ ಇದ್ದಾಗ ಲಿಂಕ್ ಪಲ್ಸ್ ಬಿಟ್ಟರೆ ಏನೂ ಇರುವುದಿಲ್ಲ. ಪೋರ್ಟ್ ಯಾವ ಯಾವ ಸ್ಪೀಡ್ ಕೊಡುತ್ತದೋ ಅವೆಲ್ಲವನ್ನೂ ಪ್ರೀಸ್ಕ್ಯಾನ್‌ನಲ್ಲಾದರೂ ಓಡಿಸಿ.

ಪಿಒಇ (ಈಥರ್ನೆಟ್ ಕೇಬಲ್‌ನಲ್ಲೇ ಪವರ್ ಕೊಡುವುದು) ಇದ್ದರೆ ಇನ್ನಷ್ಟು ಎಚ್ಚರ. ಪವರ್ ಕೊಡುವ ಕಡೆ ಲೆಕ್ಕ ಹಾಕಿದರೆ ಅದರ ಮೂರು ಸ್ಟ್ಯಾಂಡರ್ಡ್‌ಗಳಲ್ಲಿ ಎಎಫ್ 15.4 ವ್ಯಾಟ್, ಎಟಿ 30, ಬಿಟಿ 90 ವ್ಯಾಟ್‌ವರೆಗೆ. ನಿಮ್ಮ ಎಎಎನ್ ಅಷ್ಟು ಡಿಸಿ ಕರೆಂಟ್ ತಡೆಯುತ್ತದಾ ಅಂತ ಮೊದಲು ನೋಡಿ. ಪಿಒಇ ಇಂಜೆಕ್ಟರ್ ಎಎಎನ್‌ನ ಆಚೆ ಕಡೆ ಬರುತ್ತದೆ, ಅಗ್ಗದ ಇಂಜೆಕ್ಟರ್‌ಗಳು ಭಯಂಕರ ನಾಯ್ಸ್ ಮಾಡುತ್ತವೆ. ಅಳೆಯುವಾಗ ಇಯುಟಿ ಪೂರ್ತಿ ಪವರ್ ಎಳೆಯುತ್ತಿರಬೇಕು. ಕ್ಯಾಮೆರಾ ಆದರೆ ರಾತ್ರಿಯ ದೀಪಗಳೂ ಹೀಟರೂ ಆನ್.

ಅಳೆಯುವ ಮೊದಲು ಚೈನ್ ಪರೀಕ್ಷೆ

ಇದನ್ನು ಬಿಡಲೇಬೇಡಿ, ಹತ್ತು ನಿಮಿಷದ ಕೆಲಸ. ಸಿಗ್ನಲ್ ಜನರೇಟರ್ ತೆಗೆದುಕೊಳ್ಳಿ. ಅದರ ಔಟ್‌ಪುಟ್‌ಗೆ ಸರಣಿಯಲ್ಲಿ 100 ಓಮ್ ರೆಸಿಸ್ಟರ್ ಹಾಕಿ, ಎಎಎನ್‌ನ ಇಯುಟಿ ಕಡೆಯ ಎಂಟೂ ತಂತಿಗಳನ್ನು ಒಂದು ಆರ್‌ಜೆ45 ಪ್ಲಗ್‌ನಲ್ಲಿ ಸೇರಿಸಿ ಅದಕ್ಕೆ ಕೊಡಿ. ಜನರೇಟರ್‌ನ ಗ್ರೌಂಡ್ ನೇರ ಪ್ಲೇನ್‌ಗೆ, ಆದಷ್ಟು ಚಿಕ್ಕದಾಗಿ. ಜನರೇಟರ್‌ನ 50 ಮತ್ತು ಈ 100 ಸೇರಿ 150 ಓಮ್ ಮೂಲ ಆಯಿತು, ಎದುರಿಗೆ ಎಎಎನ್‌ನ 150 ಓಮ್. ಆಗ ಎಎಎನ್ ಪೋರ್ಟ್ ಮೇಲಿನ ವೋಲ್ಟೇಜ್, ಜನರೇಟರ್ 50 ಓಮ್‌ಗೆ ತೋರಿಸುವ ವೋಲ್ಟೇಜ್‌ಗೇ ಸಮ.

ಜನರೇಟರ್ ಅನ್ನು ಮೈನಸ್ 27 ಡಿಬಿಎಂಗೆ ಇಡಿ, ಅದು 80 ಡಿಬಿ ಮೈಕ್ರೋವೋಲ್ಟ್. ಎಎಎನ್‌ನ ವೋಲ್ಟೇಜ್ ವಿಭಜನೆ ಸುಮಾರು 9.5 ಡಿಬಿ, ಯಾಕೆಂದರೆ 150ರಲ್ಲಿ ರಿಸೀವರ್‌ನ ಪಾಲು 50. ಹಾಗಾದರೆ ರಿಸೀವರ್ ಬರಿ ಕೈಯಲ್ಲಿ 70.5 ಹತ್ತಿರ ತೋರಿಸಬೇಕು, ಕರೆಕ್ಷನ್ ಹಾಕಿದ ಮೇಲೆ 80. 0.15, 1, 10, 30 ಮೆಗಾಹರ್ಟ್ಸ್‌ನಲ್ಲಿ ನೋಡಿ. 2 ಡಿಬಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕೇಬಲ್, ಲಿಮಿಟರ್ (ರಿಸೀವರ್ ಅನ್ನು ದೊಡ್ಡ ಪಲ್ಸ್‌ನಿಂದ ಕಾಪಾಡುವ ಭಾಗ), ಸಾಫ್ಟ್‌ವೇರ್‌ನಲ್ಲಿನ ಕರೆಕ್ಷನ್ ಟೇಬಲ್, ಎಎಎನ್‌ನ ಬೋಲ್ಟ್, ಈ ಕ್ರಮದಲ್ಲಿ ಹುಡುಕಿ. ಕರೆಕ್ಷನ್ ಎರಡು ಸಲ ಸೇರಿರುವುದು ಅಥವಾ ಚಿಹ್ನೆ ಉಲ್ಟಾ ಆಗಿರುವುದು ಇಲ್ಲೇ ಸಿಕ್ಕಿಬೀಳುತ್ತದೆ. ವ್ಯತ್ಯಾಸ ಸರಿಯಾಗಿ 19 ಡಿಬಿ ಇದ್ದರೆ ಯೋಚಿಸುವುದೇ ಬೇಡ, ಪ್ಲಸ್ ಬದಲು ಮೈನಸ್ ಆಗಿದೆ.

ಆಮೇಲೆ ಆಂಬಿಯೆಂಟ್, ಅಂದರೆ ಸುತ್ತಲಿನ ನಾಯ್ಸ್. ಇಯುಟಿ ಪವರ್ ಆಫ್, ಉಳಿದದ್ದೆಲ್ಲ ಆನ್. ಲಿಮಿಟ್‌ಗಿಂತ ಕನಿಷ್ಠ 6 ಡಿಬಿ ಕೆಳಗೆ ಇರಬೇಕು, ನಾನು 15 ಆದರೂ ಇರಲಿ ಅನ್ನುತ್ತೇನೆ. ಇಲ್ಲೊಂದು ಸಣ್ಣ ಮೋಸ ಇದೆ: ಇಯುಟಿ ಆಫ್ ಆದಾಗ ಲಿಂಕ್ ಬಿದ್ದುಹೋಗುತ್ತದೆ, ಆಚೆ ಉಪಕರಣವೂ ಸುಮ್ಮನಾಗುತ್ತದೆ. ಅನುಮಾನ ಬಂದರೆ ಇಯುಟಿ ಜಾಗದಲ್ಲಿ ಬ್ಯಾಟರಿಯಲ್ಲಿ ಓಡುವ ಇನ್ನೊಂದು ಲ್ಯಾಪ್‌ಟಾಪ್ ಇಟ್ಟು ಅದೇ ಟ್ರಾಫಿಕ್ ಓಡಿಸಿ ನೋಡಿ.

ರಿಸೀವರ್ ಮತ್ತು ಸ್ವೀಪ್

ಬ್ಯಾಂಡ್‌ವಿಡ್ತ್ 9 ಕಿಲೋಹರ್ಟ್ಸ್. ಸ್ಟೆಪ್ ಅದರ ಅರ್ಧ, ಅಂದರೆ 4.5, ಅಥವಾ ಅದಕ್ಕಿಂತ ಕಡಿಮೆ. ಈ ಸ್ಟೆಪ್‌ನಲ್ಲಿ 0.15ರಿಂದ 30ಕ್ಕೆ ಸುಮಾರು 6,630 ಬಿಂದುಗಳು. ಕ್ವಾಸಿ ಪೀಕ್‌ಗೆ ಪ್ರತಿ ಬಿಂದುವಿಗೆ ಒಂದು ಸೆಕೆಂಡ್ ಕೊಟ್ಟರೆ ಒಂದು ಗಂಟೆ ಐವತ್ತು ನಿಮಿಷ, ಅದೂ ಒಂದು ಪೋರ್ಟ್, ಒಂದು ಸ್ಪೀಡ್. ಅದಕ್ಕೇ ಮೊದಲು ಪೀಕ್ ಡಿಟೆಕ್ಟರ್‌ನಲ್ಲಿ ಪ್ರೀಸ್ಕ್ಯಾನ್. ಪ್ರತಿ ಬಿಂದುವಿಗೆ 20 ಮಿಲಿಸೆಕೆಂಡ್ ಇಟ್ಟು ಕೆಲವು ಸಲ ಮ್ಯಾಕ್ಸ್ ಹೋಲ್ಡ್‌ನಲ್ಲಿ (ಪ್ರತಿ ಬಿಂದುವಿನ ಅತಿ ಹೆಚ್ಚಿನ ಅಂಕಿ ಉಳಿಸಿಕೊಂಡು) ಓಡಿಸಿ, ಆಗಾಗ ಬರುವ ಬರ್ಸ್ಟ್‌ಗಳೂ ಸಿಗುತ್ತವೆ. ಒಂದೇ ಸಲಕ್ಕೆ ಅನೇಕ ಆವರ್ತನ ಅಳೆಯುವ ಟೈಮ್ ಡೊಮೇನ್ ಸ್ಕ್ಯಾನ್ ಇರುವ ರಿಸೀವರ್ ಇದ್ದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು.

ಪೀಕ್ ಅಂಕಿ ಯಾವಾಗಲೂ ಕ್ವಾಸಿ ಪೀಕ್‌ಗಿಂತ ಕಡಿಮೆ ಆಗುವುದಿಲ್ಲ, ಕ್ವಾಸಿ ಪೀಕ್ ಆವರೇಜ್‌ಗಿಂತ ಕಡಿಮೆ ಆಗುವುದಿಲ್ಲ. ಆದ್ದರಿಂದ ಪೀಕ್ ಗೆರೆ ಪೂರ್ತಿ ಆವರೇಜ್ ಲಿಮಿಟ್ ಕೆಳಗೇ ಇದ್ದರೆ ಪಾಸ್, ಮುಗಿಯಿತು. ಇಲ್ಲದಿದ್ದರೆ ಲಿಮಿಟ್‌ಗೆ ಅತಿ ಹತ್ತಿರ ಬಂದ ಆರು ಬಿಂದುಗಳಾದರೂ ಆರಿಸಿ. ಪ್ರತಿ ಕಡೆ ಅಕ್ಕಪಕ್ಕ ಸ್ವಲ್ಪ ಹುಡುಕಿ ನಿಜವಾದ ಗರಿಷ್ಠ ಆವರ್ತನ ಕಂಡುಕೊಂಡು, ಕ್ವಾಸಿ ಪೀಕ್ ಮತ್ತು ಆವರೇಜ್ ಎರಡನ್ನೂ ಅಳೆಯಿರಿ. ಅಂಕಿ ತೂಗಾಡುತ್ತಿದ್ದರೆ 15 ಸೆಕೆಂಡ್ ನೋಡಿ ಅತಿ ಹೆಚ್ಚಿನದನ್ನು ಬರೆದುಕೊಳ್ಳಿ.

ಓವರ್‌ಲೋಡ್ ಆಗಿದೆಯಾ ಅಂತ ತಿಳಿಯಲು, ರಿಸೀವರ್‌ನ ಅಟೆನ್ಯುಯೇಟರ್ ಅನ್ನು 10 ಡಿಬಿ ಏರಿಸಿ. ತೋರಿಸುವ ಅಂಕಿ ಬದಲಾಗಬಾರದು. ಬದಲಾದರೆ ಮೊದಲ ಅಳತೆ ಸುಳ್ಳು. ಪ್ರೀಸೆಲೆಕ್ಟರ್ (ಒಳಬರುವಲ್ಲಿ ಇಡುವ ಫಿಲ್ಟರ್) ಇಲ್ಲದ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಇದು ಬಹಳ ಆಗುತ್ತದೆ.

ಲೆಕ್ಕ, ಒಂದು ಉದಾಹರಣೆ

ಕ್ಲಾಸ್ ಬಿ ಉಪಕರಣ, 1.2 ಮೆಗಾಹರ್ಟ್ಸ್‌ನಲ್ಲಿ ಒಂದು ಪೀಕ್. ಕ್ವಾಸಿ ಪೀಕ್‌ನಲ್ಲಿ ರಿಸೀವರ್ ತೋರಿಸಿದ್ದು 48.2 ಡಿಬಿ ಮೈಕ್ರೋವೋಲ್ಟ್. ಕೇಬಲ್ ನಷ್ಟ 0.2, ಪಲ್ಸ್ ಲಿಮಿಟರ್ 10, ಎಎಎನ್‌ನ ಕ್ಯಾಲಿಬ್ರೇಷನ್ ಹಾಳೆಯಲ್ಲಿ ಈ ಆವರ್ತನಕ್ಕೆ 9.6. ಒಟ್ಟು 68.0. ಲಿಮಿಟ್ 74, ಉಳಿಕೆ 6 ಡಿಬಿ. ಖುಷಿಪಡಬೇಡಿ. ಅದೇ ಜಾಗದಲ್ಲಿ ಆವರೇಜ್ 45.0 ಬಂದಿದೆ, ಅದೇ 19.8 ಸೇರಿಸಿದರೆ 64.8. ಲಿಮಿಟ್ 64. ಫೇಲ್, 0.8 ಡಿಬಿ.

ಕ್ವಾಸಿ ಪೀಕ್ ಮತ್ತು ಆವರೇಜ್ ನಡುವೆ ಬರಿ 3.2 ಡಿಬಿ ಅಂತರ ಇದೆ ಅನ್ನುವುದು ಒಂದು ಸುಳಿವೂ ಹೌದು. ಇದು ನಿರಂತರವಾದ, ಕಿರಿದಾದ ನಾಯ್ಸ್, ಸ್ವಿಚಿಂಗ್ ಕನ್ವರ್ಟರ್‌ನ ಹಾರ್ಮೋನಿಕ್ ಇರಬಹುದು. ಬರ್ಸ್ಟ್ ಥರದ ನಾಯ್ಸ್ ಆಗಿದ್ದರೆ ಆವರೇಜ್ ಇನ್ನೂ ತುಂಬಾ ಕೆಳಗಿರುತ್ತಿತ್ತು.

ಅಳತೆಯ ಅನಿಶ್ಚಿತತೆಯನ್ನೂ ನೆನಪಿಡಿ. ಸಿಸ್ಪರ್ 16-4-2 ಎಎಎನ್ ವಿಧಾನಕ್ಕೆ ಇಟ್ಟಿರುವುದು 5.0 ಡಿಬಿ, ಮೇನ್ಸ್‌ನ ಇದೇ ವ್ಯಾಪ್ತಿಗೆ ಇರುವುದು 3.4. ನಿಮ್ಮ ಲ್ಯಾಬ್‌ನಲ್ಲಿ 1 ಡಿಬಿ ಅಂತರದಲ್ಲಿ ಪಾಸಾದದ್ದು ಬೇರೆ ಲ್ಯಾಬ್‌ನಲ್ಲಿ ಫೇಲ್ ಆದರೆ ಯಾರದೂ ತಪ್ಪಲ್ಲ. ಸ್ವಂತ ಬೆಂಚ್‌ನಲ್ಲಿ ಅಳೆಯುವವರು 6 ಡಿಬಿ ಉಳಿಸಿಕೊಂಡು ಲ್ಯಾಬ್‌ಗೆ ಹೋಗಿ.

ಶೀಲ್ಡ್ ಕೇಬಲ್ ಮತ್ತು ಪ್ರೋಬ್ ವಿಧಾನ

ಶೀಲ್ಡ್ ಎಎಎನ್ ಇಲ್ಲದಿದ್ದರೆ ಹೀಗೆ ಮಾಡಿ. ಕೇಬಲ್‌ನ ಹೊರ ಪ್ಲಾಸ್ಟಿಕ್ ಸ್ವಲ್ಪ ಕೆರೆದು ಶೀಲ್ಡ್ ಬಯಲು ಮಾಡಿ, ಅಲ್ಲಿಂದ ಗ್ರೌಂಡ್ ಪ್ಲೇನ್‌ಗೆ 150 ಓಮ್ ರೆಸಿಸ್ಟರ್. ಅದರಾಚೆ, ಆ ಕಡೆಯ ಉಪಕರಣದ ಕಡೆಗೆ, ಫೆರೈಟ್‌ಗಳು. ಕರೆಂಟ್ ಪ್ರೋಬ್ ಇಯುಟಿ ಮತ್ತು ರೆಸಿಸ್ಟರ್ ನಡುವೆ. ರಿಸೀವರ್ ಅಂಕಿಯಿಂದ ಪ್ರೋಬ್‌ನ ಟ್ರಾನ್ಸ್‌ಫರ್ ಇಂಪಿಡೆನ್ಸ್ (ಕರೆಂಟ್‌ಗೆ ಪ್ರೋಬ್ ಎಷ್ಟು ವೋಲ್ಟೇಜ್ ಕೊಡುತ್ತದೆ ಅನ್ನುವ ಅಂಕಿ) ಕಳೆಯಬೇಕು, ಕೂಡಿಸಬಾರದು. 38 ಡಿಬಿ ಮೈಕ್ರೋವೋಲ್ಟ್ ಬಂದು ಪ್ರೋಬ್ 14 ಡಿಬಿ ಓಮ್ ಆದರೆ ಕರೆಂಟ್ 24 ಡಿಬಿ ಮೈಕ್ರೋಆಂಪ್. ಫೆರೈಟ್ ಸಾಲದಿದ್ದರೆ ಆಚೆಯ ಇಂಪಿಡೆನ್ಸ್ 150 ಓಮ್‌ಗೆ ಸಮಾಂತರವಾಗಿ ಸೇರಿಕೊಂಡು ಅಂಕಿ ಕೆಡಿಸುತ್ತದೆ, ಹಾಗಾಗಿ ಒಂದು ಕ್ಲ್ಯಾಂಪ್ ಹಾಕಿ ಸಾಕು ಅಂದುಕೊಳ್ಳಬೇಡಿ.

ಕರೆಂಟ್ ಪ್ರೋಬ್ ಮತ್ತು ಕೆಪಾಸಿಟಿವ್ ಪ್ರೋಬ್ ಎರಡನ್ನೂ ಬಳಸುವ ವಿಧಾನದಲ್ಲಿ ಕೇಬಲ್ ಕತ್ತರಿಸುವುದೇ ಬೇಡ, ಅದೇ ಅದರ ಆಕರ್ಷಣೆ. ಆದರೆ ಕಾಮನ್ ಮೋಡ್ ಇಂಪಿಡೆನ್ಸ್ ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಅದಕ್ಕೇ ವೋಲ್ಟೇಜ್ ಲಿಮಿಟ್, ಕರೆಂಟ್ ಲಿಮಿಟ್ ಎರಡನ್ನೂ ಪಾಸ್ ಆಗಬೇಕು. ಬೇರೆ ದಾರಿ ಇಲ್ಲದಾಗ ಮಾತ್ರ ಇದು.

ಫೇಲ್ ಆದರೆ ಮೂಲ ಎಲ್ಲಿ

ಮೊದಲು ಲಿಂಕ್ ಸ್ಪೀಡ್ ಬದಲಿಸಿ. 1000ದಿಂದ 100, 100ರಿಂದ 10. ಪೀಕ್ ಅಲುಗಾಡದೆ ಅಲ್ಲೇ ಕೂತಿದ್ದರೆ ಅದು ಡೇಟಾದ್ದಲ್ಲ, ಬೋರ್ಡ್‌ನದು. ನಂತರ ಆವರ್ತನ ನೋಡಿ. ಸಮ ಅಂತರದಲ್ಲಿ ಬಾಚಣಿಗೆಯ ಹಲ್ಲಿನಂತೆ ಸಾಲು ಪೀಕ್‌ಗಳಿದ್ದರೆ ಆ ಅಂತರವೇ ಕನ್ವರ್ಟರ್‌ನ ಸ್ವಿಚಿಂಗ್ ಆವರ್ತನ. 25 ಮೆಗಾಹರ್ಟ್ಸ್‌ನಲ್ಲಿ ಒಂಟಿ ಪೀಕ್ ಅಂದರೆ ಹೆಚ್ಚಿನ ಈಥರ್ನೆಟ್ ಫೈ ಚಿಪ್‌ಗಳ (ಲೈನ್‌ಗೆ ಸಿಗ್ನಲ್ ಕಳಿಸುವ, ಪಡೆಯುವ ಚಿಪ್) ಕ್ರಿಸ್ಟಲ್ ಆವರ್ತನ ಅದೇ. ಹಲ್ಲುಗಳಿಲ್ಲದೆ 10 ಮೆಗಾಹರ್ಟ್ಸ್ ಮೇಲೆ ಅಗಲವಾಗಿ ಉಬ್ಬಿದ್ದು, ಸ್ಪೀಡ್ ಬದಲಿಸಿದಾಗ ಆಕಾರವೂ ಬದಲಾದರೆ, ಅದು ಡೇಟಾ ಕಾಮನ್ ಮೋಡ್ ಆಗುತ್ತಿರುವುದು.

ಕನ್ವರ್ಟರ್‌ನದಾದರೆ ಮ್ಯಾಗ್ನೆಟಿಕ್ಸ್ ಕೆಳಗಿನ ಗ್ರೌಂಡ್ ತುಂಡು, ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್‌ನ ಸುರುಳಿಗಳ ನಡುವಿನ ಕೆಪಾಸಿಟೆನ್ಸ್, ಪ್ರೈಮರಿ ಸೆಕೆಂಡರಿ ನಡುವಿನ ವೈ ಕೆಪಾಸಿಟರ್ ಇವನ್ನು ನೋಡಿ. ಡೇಟಾದ್ದಾದರೆ ಫೈಯಿಂದ ಮ್ಯಾಗ್ನೆಟಿಕ್ಸ್‌ವರೆಗಿನ ಜೋಡಿ ಟ್ರ್ಯಾಕ್‌ಗಳು ಸಮ ಇವೆಯಾ, ಮ್ಯಾಗ್ನೆಟಿಕ್ಸ್‌ನಲ್ಲಿ ಕಾಮನ್ ಮೋಡ್ ಚೋಕ್ ಇದೆಯಾ, ಕೇಬಲ್ ಕಡೆಯ ಸೆಂಟರ್ ಟ್ಯಾಪ್‌ಗಳಿಂದ 75 ಓಮ್ ಮತ್ತು 1000 ಪಿಕೋಫ್ಯಾರಡ್ ಮೂಲಕ ಚಾಸಿಗೆ ಹೋಗುವ ಟರ್ಮಿನೇಷನ್ ಸರಿ ಇದೆಯಾ ನೋಡಿ. ಆ ಕೆಪಾಸಿಟರ್ ಚಾಸಿ ಬದಲು ಸಿಗ್ನಲ್ ಗ್ರೌಂಡ್‌ಗೆ ಹೋಗಿದ್ದರೆ ಬೋರ್ಡ್‌ನ ನಾಯ್ಸ್‌ಗೆ ಕೇಬಲ್ ಹತ್ತಲು ಏಣಿ ಹಾಕಿಕೊಟ್ಟ ಹಾಗೆ.

ಒಂದು ಬದಲಾವಣೆ ಮಾಡಿದ ಮೇಲೆ ಪೂರ್ತಿ ಸ್ವೀಪ್ ಬೇಡ, ಕರೆಂಟ್ ಪ್ರೋಬ್ ಅನ್ನು ಕೇಬಲ್ ಮೇಲೆ ಒಂದೇ ಜಾಗದಲ್ಲಿ ಇಟ್ಟು ಆ ಆವರ್ತನ ಮಾತ್ರ ನೋಡುತ್ತಾ ಹೋಗಿ. ಪ್ರೋಬ್ ಅರ್ಧ ಗೇಣು ಸರಿದರೂ ಹೋಲಿಕೆ ಕೆಡುತ್ತದೆ, ಟೇಪ್ ಹಚ್ಚಿ.

ವರದಿಯಲ್ಲಿ ಎಎಎನ್‌ನ ಮಾದರಿ ಮತ್ತು ಅದರ ಕ್ಯಾಟ್, ಲಿಂಕ್ ಸ್ಪೀಡ್, ಟ್ರಾಫಿಕ್ ಎಷ್ಟು ಮತ್ತು ಯಾವ ಥರದ್ದು, ಕೇಬಲ್ ವಿವರ, ಯಾವ ಪೋರ್ಟ್, ಪಿಒಇ ಲೋಡ್ ಇಷ್ಟೂ ಇರಲಿ. ಜೋಡಣೆಯ ಫೋಟೋ ತೆಗೆಯುವಾಗ ಎಎಎನ್‌ನ ಕೆಳಗಿನ ಗ್ರೌಂಡ್ ಪಟ್ಟಿಯೂ ಕಾಣುವ ಹಾಗೆ ತೆಗೆಯಿರಿ, ಮತ್ತೆ ಅಳೆಯಬೇಕಾಗಿ ಬಂದಾಗ ಎಲ್ಲರೂ ಮೊದಲು ಕೇಳುವುದು ಅದನ್ನೇ.